ಗುಂಗ್ ಮಹಲಿನ ಸಾಕ್ಷ್ಯವೂ ನವಜಾತ ಶಿಶುವಿನ ಶ್ರವಣವೂ

ಮಾತು ಹುಟ್ಟಿನಿಂದ ಬಂದದ್ದೋ, ಕೇಳಿ ಕಲಿತದ್ದೋ ಎಂಬ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದ ಅರಸರಲ್ಲಿ ಅಕ್ಬರನೂ ಒಬ್ಬನು. 1580ರ ಸುಮಾರಿನಲ್ಲಿ ಆತನು ಕೆಲವು ಹಸುಳೆಗಳನ್ನು ತಾಯಂದಿರಿಂದ ಬೇರ್ಪಡಿಸಿ, ಮಾತು ಕಿವಿಗೆ ಬೀಳದ ಮನೆಯೊಂದರಲ್ಲಿರಿಸಿ, ಮಾತಾಡದ ದಾದಿಯರಿಂದ ಸಾಕಿಸಿದನು. ಅಬುಲ್ ಫಜಲನ 'ಅಕ್ಬರ್‌ನಾಮಾ'ವೂ ಬದೌನಿಯ ಚರಿತ್ರೆಯೂ ಇದನ್ನು ತಿಳಿಸುತ್ತವೆ. ಆ ಮನೆಗೆ 'ಗುಂಗ್ ಮಹಲ್', ಎಂದರೆ ಮೂಕರ ಮನೆ, ಎಂದು ಹೆಸರಾಯಿತು. ಮಕ್ಕಳಿಗೆ ಮಾತು ಬರಲಿಲ್ಲ. ಹಾಗಾದರೆ ಹುಟ್ಟಿದ ಶಿಶುವಿನ ಮಿದುಳು ಏನೂ ಬರೆಯದ ಓಲೆಯೆಂದು ತೀರ್ಮಾನಿಸಬಹುದೆ? ಇದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆಕರಗಳ ಮಾತು. ಅಬುಲ್ ಫಜಲನು ಅರಸನ ಅಭಿಮಾನಿ; ಮಾತು ಕೇಳ್ಮೆಯಿಂದ ಬರುವುದೆಂಬ ಅರಸನ ಮತಕ್ಕೆ ಈ ಪ್ರಸಂಗವನ್ನು ಪ್ರಮಾಣವಾಗಿ ನಿರೂಪಿಸುತ್ತಾನೆ. ಬದೌನಿಯಾದರೋ ಅರಸನ ಕಟು ಟೀಕಾಕಾರ. ಮಕ್ಕಳಲ್ಲಿ ಕೆಲವರು ಸತ್ತುದನ್ನು ಆತನು ಮರೆಯುವುದಿಲ್ಲ. ವಿರುದ್ಧ ಮನೋಭಾವದ ಈ ಇಬ್ಬರೂ ಮಕ್ಕಳ ಮೂಕತನವನ್ನು ಒಪ್ಪುವುದರಿಂದ ಘಟನೆಯನ್ನು ನಂಬಬಹುದು. ಆದರೆ ಘಟನೆ ನಿಜವಾದ ಮಾತ್ರಕ್ಕೆ ಅದರಿಂದ ತೆಗೆದ ತೀರ್ಮಾನವೂ ನಿಜವಾಗಬೇಕಿಲ್ಲ. ಆ ಮಕ್ಕಳು ಹುಟ್ಟುವ ಮೊದಲೇ ಕೇಳಿದ್ದುದನ್ನು ಇಬ್ಬರೂ ಲೆಕ್ಕಕ್ಕೆ ಹಿಡಿದಿಲ್ಲ.

ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಶಿಶುವಿಗೆ ಕಿವಿ ಕೇಳುತ್ತದೆ. ವ್ಯಂಜನಗಳು ಮಸುಕಾದರೂ ತಾಯಿಯ ದನಿಯ ಏರಿಳಿತವೂ ಲಯವೂ ಒಳಗೆ ಮುಟ್ಟುತ್ತವೆ. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ತಾಯಿಯ ದನಿಯನ್ನು ಕೇಳುವುದಕ್ಕಾಗಿ ಚೀಪುವ ಕ್ರಮವನ್ನೇ ಬದಲಿಸಿಕೊಂಡುದನ್ನು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ನಾಲ್ಕು ದಿನದ ಫ್ರೆಂಚ್ ಶಿಶುಗಳು ಫ್ರೆಂಚ್ ಮಾತನ್ನು ರಷ್ಯನ್ ಮಾತಿನಿಂದ ಬೇರೆಯಾಗಿ ಗುರುತಿಸಿದುದನ್ನು ಮೆಹ್ಲರ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. 2003ರಲ್ಲಿ ಪೆನ್ಯಾ ಮೊದಲಾದವರು ಬೆಳಕಿನ ಕಿರಣಗಳಿಂದ ಮಿದುಳಿನ ರಕ್ತದಲ್ಲಾಗುವ ಬದಲಾವಣೆಯನ್ನು ಅಳೆದು, ಸರಿಯಾಗಿ ಕೇಳಿಸಿದ ಮಾತಿಗೆ, ಹಿಂದುಮುಂದಾಗಿ ಕೇಳಿಸಿದ ಅದೇ ಮಾತಿಗಿಂತ, ಎಡಭಾಗವು ಹೆಚ್ಚಾಗಿ ಸ್ಪಂದಿಸುವುದನ್ನು ಕಂಡರು.

ಈ ಹೊಸ ಸಾಕ್ಷ್ಯವೂ ವಿಮರ್ಶೆಗೆ ಹೊರತಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರದ ಗುಡಿಯ ಕಾಲವನ್ನು ಹೇಳಲು ಅಲ್ಲಿಯ 1224ರ ಶಾಸನವಿದೆ. ಅಕ್ಷರ ಸವೆದಿದ್ದರೂ ಅದು ಅಕ್ಷರವೇ. ನವಜಾತ ಶಿಶುವಾದರೋ ಮಾತಾಡದ ಸಾಕ್ಷಿ. ಚೀಪುವ ವೇಗವನ್ನೂ ರಕ್ತದ ಬದಲಾವಣೆಯನ್ನೂ ನಾವೇ ಓದಿ ಅರ್ಥ ಹಚ್ಚಬೇಕು. ಶಿಶುವು ಭೇದವನ್ನು ಗುರುತಿಸುತ್ತದೆ ಎನ್ನಬಹುದು. ಅರ್ಥವನ್ನು ತಿಳಿಯುತ್ತದೆ ಎನ್ನಲಾಗದು. ಎಡಭಾಗದ ಒಲವು ಜನ್ಮಜಾತವೆಂದು ಕೂಡಲೇ ಸಾರುವುದೂ ಆತುರವೇ. ಪರೀಕ್ಷೆಗೆ ಬಂದ ಶಿಶುಗಳು ಆಗಲೇ ಹಲವು ವಾರಗಳ ಕೇಳುಗರಾಗಿದ್ದರು. ಆದುದರಿಂದ ಹುಟ್ಟೋ ಕಲಿಕೆಯೋ ಎಂದು ಎರಡಾಗಿ ಸೀಳುವ ಪ್ರಶ್ನೆಯೇ ಸರಿಯಲ್ಲವೆಂದು ನಮಗೆ ತೋರುತ್ತದೆ. ಮಿದುಳು ಮಾತಿಗೆ ಸಿದ್ಧವಾಗಿ ಬರುತ್ತದೆ. ಆ ಸಿದ್ಧತೆಯನ್ನು ಕೇಳ್ಮೆಯು ಗರ್ಭದಲ್ಲಿಯೇ ತಿದ್ದತೊಡಗುತ್ತದೆ. ಮುಂದೆ ಪೋಷಣೆಯಿಲ್ಲದಿದ್ದರೆ ಅದು ಫಲಿಸುವುದಿಲ್ಲ. ಗುಂಗ್ ಮಹಲ್ ತೋರಿಸಿದ್ದು ಈ ಕೊನೆಯ ಅಂಶವನ್ನು ಮಾತ್ರ.

ಈ ವಿಚಾರ ದಾವಣಗೆರೆ, ಹರಿಹರಗಳ ನಮಗೆ ದೂರದ್ದಲ್ಲ. ಇಲ್ಲಿ ಮನೆಯೊಳಗೆ ಉರ್ದು, ಲಂಬಾಣಿ ಅಥವಾ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ತಾಯಂದಿರು ಅನೇಕರು. ಎರಡು ಭಾಷೆ ಮಗುವನ್ನು ಗೊಂದಲಕ್ಕೆ ಕೆಡಹುವುದೆಂಬ ಭಯವುಂಟು. ಗರ್ಭಕಾಲದಲ್ಲಿ ಇಂಗ್ಲಿಷ್, ಟಗಾಲೊಗ್ ಎರಡನ್ನೂ ಆಡಿದ ತಾಯಂದಿರ ನವಜಾತ ಶಿಶುಗಳು ಎರಡಕ್ಕೂ ಕಿವಿಗೊಟ್ಟು, ಎರಡನ್ನೂ ಬೇರ್ಪಡಿಸಿದುವೆಂದು 2010ರ ಸಂಶೋಧನೆಯೊಂದು ತಿಳಿಸಿತು. ಆ ಭಯಕ್ಕೆ ಇಲ್ಲಿ ಆಧಾರ ಕಾಣುವುದಿಲ್ಲ.

ನಿಜವಾಗಿ ಭಯಪಡಬೇಕಾದುದು ಮೌನಕ್ಕೆ. ಕಿವಿ ಕೇಳದೆ ಹುಟ್ಟಿದ ಮಗುವಿನ ಕೊರತೆಯನ್ನು ಮೊದಲ ತಿಂಗಳಲ್ಲೇ ಪರೀಕ್ಷೆಯಿಂದ ಶಂಕಿಸಬಹುದು; ಮೂರು ತಿಂಗಳೊಳಗೆ ಖಚಿತಪಡಿಸಿ, ಆರು ತಿಂಗಳೊಳಗೆ ನೆರವು ಕೊಡಬೇಕೆಂಬುದು ತಜ್ಞರ ಮತ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕಾರ್ಯಕ್ಕೇ ಮೀಸಲಾಗಿದೆ. ಶ್ರವಣ ಸಾಧನವನ್ನಾಗಲಿ ಸಂಜ್ಞಾಭಾಷೆಯನ್ನಾಗಲಿ ಸಕಾಲದಲ್ಲಿ ಒದಗಿಸದೆ, "ತಡವಾಗಿ ಮಾತಾಡೀತು" ಎಂದು ಕಾಯುತ್ತ ಕುಳಿತರೆ, ಅಕ್ಬರನ ಆಜ್ಞೆಯಿಲ್ಲದೆಯೇ ಆ ಮಗುವಿಗೆ ನಾವು ಗುಂಗ್ ಮಹಲನ್ನು ಕಟ್ಟಿದಂತಾಗುತ್ತದೆ.