ಒಂದೇ ಅಂಗಳದ ಎರಡು ತಂಡಗಳು

ಒಂದೂರಿನಲ್ಲಿ ಎರಡು ಫುಟ್‌ಬಾಲ್ ಕ್ಲಬ್ ಕಟ್ಟಿದರೆ ಜಿದ್ದಾಜಿದ್ದಿ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆಯನ್ನು ಪುಣೆಯಷ್ಟು ಸ್ಪಷ್ಟವಾಗಿ ಸುಳ್ಳು ಮಾಡಿದ ಊರು ಇನ್ನೊಂದಿಲ್ಲ. ಅಶೋಕ್ ಪಿರಾಮಲ್ ಸಮೂಹ 2007ರಲ್ಲಿ ಕಟ್ಟಿದ ಪುಣೆ ಎಫ್‌ಸಿ, ಕಲ್ಯಾಣಿ ಸಮೂಹದ ಭಾರತ್ ಎಫ್‌ಸಿ, ಎರಡೂ 2015ರ ಐ-ಲೀಗ್‌ನಲ್ಲಿ ಆಡಿದವು. ಎರಡಕ್ಕೂ ತವರು ಬಾಲೆವಾಡಿ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಆಗಿನ ಊರಂಚಿನಲ್ಲಿ ಎದ್ದ ಕ್ರೀಡಾಂಗಣ. ಆಟದ ಮಟ್ಟವನ್ನು ದೂರುವಂತಿಲ್ಲ. ಪುಣೆ ಎಫ್‌ಸಿ 2012-13ರಲ್ಲಿ ಲೀಗಿನ ಎರಡನೇ ಸ್ಥಾನಕ್ಕೇರಿದ್ದ ತಂಡ. ಆದರೂ ಒಟ್ಟಿಗೆ ಆಡಿದ ಒಂದೇ ಋತುವಿಗೆ ಕಥೆ ಮುಗಿದು, ಎರಡೂ ಲೀಗಿನಿಂದ ಹೊರನಡೆದವು. ಕೊರತೆ ಇದ್ದದ್ದು ದುಡ್ಡಿನದಲ್ಲ, ಕೇರಿಯದು. ಇದು ನಮ್ಮ ಓಣಿಯ ತಂಡ, ಅದು ಅವರದ್ದು ಎಂದು ಹೇಳಿಕೊಳ್ಳಲು ಪ್ರೇಕ್ಷಕನಿಗೆ ಆಧಾರವೇ ಇರಲಿಲ್ಲ.

ಮಿಲಾನಿನ ಎರಡು ಕ್ಲಬ್‌ಗಳೂ ಒಂದೇ ಸಾನ್ ಸಿರೊದಲ್ಲಿ ಆಡುವುದಿಲ್ಲವೇ ಎಂದು ಕೇಳಬಹುದು. ಆಡುತ್ತವೆ, ಆದರೆ ಅಲ್ಲಿ ಜಗಳ ಅಂಗಳಕ್ಕಿಂತ ಹಳೆಯದು. ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳುವ ವಿಷಯಕ್ಕೆ ಮಿಲಾನ್ ಕ್ಲಬ್ ಒಡೆದು ಇಂಟರ್ ಹುಟ್ಟಿದ್ದು 1908ರಲ್ಲಿ. ಇಂಟರ್ ಸಾನ್ ಸಿರೊಗೆ ಬಂದದ್ದು 1947ರಲ್ಲಿ. ಕೋಲ್ಕತ್ತದಲ್ಲಂತೂ 1889ರ ಮೋಹನ್ ಬಾಗಾನ್, 1920ರ ಈಸ್ಟ್ ಬೆಂಗಾಲ್ ನಡುವಿನ ಗೆರೆ ಅಡುಗೆಮನೆಯವರೆಗೂ ಹೋಗುತ್ತದೆ: ಬಾಗಾನ್ ಗೆದ್ದರೆ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು. ಪೂರ್ವ ಬಂಗಾಳದಿಂದ ಬಂದವರಿಗೆ ಈಸ್ಟ್ ಬೆಂಗಾಲಿನ ಕೆಂಪು-ಹಳದಿ ಅಂಗಿ ಹೊಸ ಊರಿನಲ್ಲೊಂದು ನೆಲೆ ಕೊಟ್ಟಿತು. ಅಂಥದ್ದನ್ನು ಯಾವ ಕಂಪನಿಯೂ ಜಾಹೀರಾತಿನಿಂದ ತಯಾರಿಸಲಾರದು.

ಹಾಗೆಂದು ಪುಣೆಯ ಮಣ್ಣಿನಲ್ಲಿ ಸಾರವಿರಲಿಲ್ಲವೇ? ಇತ್ತು, ಪುಣೆಯ ದಂಡು ಪ್ರದೇಶ ಖಡಕಿಯಲ್ಲೇ ಇತ್ತು. ಬಾಂಬೆ ಸ್ಯಾಪರ್ಸ್‌ನ ನೆಲೆ, ಮದ್ದುಗುಂಡು ಕಾರ್ಖಾನೆ, ಅದರ ವಸತಿ ಸಾಲುಗಳು, ದುಡಿಮೆಗೆಂದು ಎಲ್ಲೆಲ್ಲಿಂದಲೋ ಬಂದು ನಿಂತ ಕುಟುಂಬಗಳು. ಖಡಕಿ ಹಾಕಿಯ ಊರು, ಧನರಾಜ್ ಪಿಳ್ಳೈ ಹುಟ್ಟಿದ ಊರು, ಫುಟ್‌ಬಾಲಿಗೂ ಅದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಆ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ: ಮನೆ ಬಾಗಿಲಿನಿಂದ ನಡೆದು ಹೋಗುವಷ್ಟು ಹತ್ತಿರ ಮೈದಾನವಿದ್ದ ಕಡೆಯೇ ಆಟ ಬೇರುಬಿಟ್ಟಿತು.

ಈ ಕ್ಲಬ್‌ಗಳನ್ನು ಮುಳುಗಿಸಿದ್ದು 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್), ಕೇರಿಯ ಮಾತು ಇಲ್ಲಿ ಯಾಕೆ ಎಂಬ ಆಕ್ಷೇಪ ಹೆಚ್ಚು ಗಟ್ಟಿ. ದುಡ್ಡೂ ಗಮನವೂ ಅತ್ತ ಹರಿದದ್ದು ನಿಜ. ಆದರೆ ಆ ಲೀಗಿನಲ್ಲೇ ಇದ್ದ ಎಫ್‌ಸಿ ಪುಣೆ ಸಿಟಿಯೂ ಉಳಿಯಲಿಲ್ಲ. 2017-18ರಲ್ಲಿ ಸೆಮಿಫೈನಲ್ ತಲುಪಿ ಬೆಂಗಳೂರು ಎಫ್‌ಸಿಗೆ ಸೋತ ಆ ತಂಡದ ಜಾಗ 2019ರಲ್ಲಿ ಹೈದರಾಬಾದಿನ ಪಾಲಾಯಿತು. ಗೆದ್ದ ಬೆಂಗಳೂರಿಗೆ ಆಗಲೇ ಊರ ನಡುವಿನ ಕಂಠೀರವ ಕ್ರೀಡಾಂಗಣವಿತ್ತು, ವೆಸ್ಟ್ ಬ್ಲಾಕ್ ಬ್ಲೂಸ್ ಹೆಸರಿನಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುವ ಬೆಂಬಲಿಗರಿದ್ದರು. ಪುಣೆಯಲ್ಲಿ ಮತ್ತೆ ಯಾರಾದರೂ ಎರಡು ಕ್ಲಬ್ ಕಟ್ಟುವುದಾದರೆ ಒಂದು ಖಡಕಿಯ ಹೆಸರು ಹೊತ್ತು ಖಡಕಿಯಲ್ಲೇ ಆಡಲಿ, ಇನ್ನೊಂದು ಊರಿನ ಕ್ಯಾಂಪ್ ಪ್ರದೇಶದಲ್ಲಿ.