ಸೂಪರ್‌ಮ್ಯಾನ್ ಮತ್ತು ಲಾವಣಿಯ ವೀರ

1938ರಲ್ಲಿ ಅಮೆರಿಕದ ಚಿತ್ರಕಥಾ ಪತ್ರಿಕೆಯಲ್ಲಿ ಹುಟ್ಟಿದ ಸೂಪರ್‌ಮ್ಯಾನ್ 1978ರ ಚಲನಚಿತ್ರದಲ್ಲಿ ಹಾರಿದಾಗ ಪ್ರೇಕ್ಷಕರನ್ನು ಸೆಳೆದದ್ದು ಆತನ ಅಭೇದ್ಯ ದೇಹ. ಗದಗ-ಬೆಟಗೇರಿ ಸೀಮೆಗೆ ಅತಿಮಾನುಷ ಬಲ ಹೊಸದಲ್ಲ. ಕುಮಾರವ್ಯಾಸನ ಭೀಮ ಇಲ್ಲಿಯವನೇ. ಆದರೆ ಲಾವಣಿಯ ವೀರನ ಬಗೆ ಬೇರೆ. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಗಳಲ್ಲಿ ಸೇರಿದ ಸಂಗೊಳ್ಳಿ ರಾಯಣ್ಣ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು. ಮುಂಡರಗಿ ಭೀಮರಾಯ 1858ರಲ್ಲಿ ಕೊಪ್ಪಳ ಕೋಟೆಯಲ್ಲಿ ಮಡಿದವನು. ಇವರ ದೇಹ ಭೇದ್ಯ. ಜನಪದರ ಮಮತೆ ಹುಟ್ಟುವುದೇ ಆ ಗಾಯದಿಂದ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಸಂತಾನಾಪೇಕ್ಷಿಗಳು ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರ ಗಲ್ಲಿನ ಪ್ರಸಂಗವನ್ನು ಉಳಿಸಿಕೊಂಡಿದೆ, ಅದು ಸಮಾಧಾನ. ಆದರೆ ಕಾಳಗದ ದೃಶ್ಯಗಳಲ್ಲಿ ತಾರೆಯ ದೇಹ ಸೂಪರ್‌ಮ್ಯಾನನ ಕಡೆಗೇ ವಾಲುತ್ತದೆ. ಲಾವಣಿಯಲ್ಲಿ ಹೆಗಲೆಣೆಯಾಗಿದ್ದ ಸಂಗಡಿಗರು ತೆರೆಯ ಅಂಚಿಗೆ ಸರಿಯುತ್ತಾರೆ.