ಫೀಸಿಗೆ ವಲಯವಿಲ್ಲ, ಪಗಾರಕ್ಕೆ ಮೂರು ವಲಯ

ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ರಾಜ್ಯವನ್ನು ಮೂರು ವಲಯಗಳಾಗಿ ಹಂಚಲಾಗಿತ್ತು. ಬೆಂಗಳೂರು ಮತ್ತು ಅದರ ಆಸುಪಾಸು ಮೊದಲನೆಯದು, ಜಿಲ್ಲಾ ಕೇಂದ್ರಗಳು ಎರಡನೆಯದು, ಮಿಕ್ಕ ಊರುಗಳೆಲ್ಲ ಮೂರನೆಯದು. ಬೀದರ್ ನಗರದಲ್ಲಿ ದುಡಿದರೆ ಒಂದು ದರ; ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ಆಚೆ ಭಾಲ್ಕಿಯಲ್ಲೋ ಔರಾದಿನಲ್ಲೋ ಅದೇ ಕೆಲಸ ಮಾಡಿದರೆ ಅದಕ್ಕಿಂತ ಕಡಿಮೆ. ಮೊದಲು ಎಷ್ಟೋ ಅಧಿಸೂಚನೆಗಳಲ್ಲಿ ನಾಲ್ಕು ವಲಯಗಳಿದ್ದವು, ಈಗ ಒಂದು ಕಡಿಮೆಯಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು. ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ, ಕಾಯಿಪಲ್ಲೆ ಸೋವಿ, ಬದುಕು ಅಗ್ಗ ಎಂಬುದು ಇದರ ಹಿಂದಿರುವ ಲೆಕ್ಕ. ಕಾಯಿಪಲ್ಲೆಯ ಮಟ್ಟಿಗೆ ಒಪ್ಪೋಣ. ಆದರೆ ಔರಾದಿನ ಕೂಲಿಕಾರನ ಮಗ ಇಂಜಿನಿಯರಿಂಗ್ ಓದುತ್ತೇನೆಂದರೆ ಅವನಿಗೆ ಮೂರನೇ ವಲಯದ ಫೀಸು ಎಲ್ಲಿದೆ?

ಎಲ್ಲಿಯೂ ಇಲ್ಲ. ಖಾಸಗಿ ಅನುದಾನರಹಿತ ಇಂಜಿನಿಯರಿಂಗ್ ಕಾಲೇಜಿನ ಸಿಇಟಿ ಸೀಟಿನ ಶುಲ್ಕ ಬೆಂಗಳೂರಿನಲ್ಲಿ ಸರ್ಕಾರ ಮತ್ತು ಆಡಳಿತ ಮಂಡಳಿಗಳ ಒಪ್ಪಂದದಲ್ಲಿ ತೀರ್ಮಾನವಾಗುತ್ತದೆ, ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. 2025-26ಕ್ಕೆ ಶೇ 7.5ರ ಏರಿಕೆಗೆ ಸರ್ಕಾರ ಒಪ್ಪಿದ ಮೇಲೆ ಆ ಶುಲ್ಕ ವರ್ಷಕ್ಕೆ 80 ಸಾವಿರ ದಾಟಿತು. ಇದು ಸರ್ಕಾರಿ ಕೋಟಾದ, ಅಂದರೆ ‘ಕಡಿಮೆ’ ಎನ್ನಿಸಿಕೊಂಡ ದರ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಭಾಗಿಸಿ ನೋಡಿದರೆ ಒಂದು ವರ್ಷದ ಫೀಸಿಗೆ 216 ದಿನದ ಕೂಲಿ ಬೇಕು, ಅದೂ ನಡುವೆ ಒಂದು ಚಹಾ ಕೂಡ ಕುಡಿಯದೆ. ಖಾತ್ರಿ ಕೊಡುತ್ತಿದ್ದದ್ದು ಇಡೀ ಕುಟುಂಬಕ್ಕೆ 100 ದಿನ. ಹಾಸ್ಟೆಲ್, ಮೆಸ್ಸು, ಪುಸ್ತಕ, ಲ್ಯಾಪ್‌ಟಾಪಿನ ಮಾತು ಇನ್ನೂ ಎತ್ತಿಲ್ಲ.

ಕಾಲೇಜು ಶುಲ್ಕವನ್ನು ಶಿಕ್ಷಣ ಇಲಾಖೆಯ ಕಡತದಲ್ಲೂ ಕೂಲಿಯನ್ನು ಕಾರ್ಮಿಕ ಇಲಾಖೆಯ ಕಡತದಲ್ಲೂ ಇಟ್ಟು ಬೇರೆ ಬೇರೆ ಮಾಡಿದ್ದೇ ನಮ್ಮ ನೀತಿಯ ಮೂಲ ದೋಷ ಎಂದು ನನಗೆ ಅನ್ನಿಸುತ್ತದೆ. ನ್ಯಾಯಾಲಯ ಅವನ್ನು ಬೇರೆ ಮಾಡಿರಲಿಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಅನ್ನ, ಬಟ್ಟೆ, ಮನೆ, ಉರುವಲು ಎಂದು ಅಳತೆ ಹಾಕಿಕೊಟ್ಟಿತ್ತು. ವರ್ಷಕ್ಕೆ ಕುಟುಂಬಕ್ಕೆ 72 ಗಜ ಬಟ್ಟೆ ಎಂಬಷ್ಟು ಕರಾರುವಾಕ್ಕಾದ ಲೆಕ್ಕ ಅದು. ಅದರಲ್ಲಿ ಮಕ್ಕಳ ಓದಿಗೆ ಪ್ರತ್ಯೇಕ ಜಾಗವಿರಲಿಲ್ಲ. 1991ರ ಅಕ್ಟೋಬರ್‌ನಲ್ಲಿ ರಾಪ್ತಕೋಸ್ ಬ್ರೆಟ್ ಕಂಪನಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕೊರತೆ ತುಂಬಿತು. ಮಕ್ಕಳ ಶಿಕ್ಷಣ, ಔಷಧೋಪಚಾರ, ಹಬ್ಬ-ಮನರಂಜನೆ, ಮುಪ್ಪು, ಮದುವೆ ಇವುಗಳಿಗಾಗಿ ಕನಿಷ್ಠ ವೇತನದ ಶೇ 25ರಷ್ಟು ಇರಬೇಕು ಎಂದಿತು. ಒಂಬತ್ತು ತಿಂಗಳ ಮೇಲೆ, 1992ರ ಜುಲೈನಲ್ಲಿ, ಅದೇ ನ್ಯಾಯಾಲಯದ ಮುಂದೆ ಕರ್ನಾಟಕದ್ದೇ ಪ್ರಕರಣವೊಂದು ಬಂತು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಕೇಳಿದ್ದ ಉತ್ತರ ಪ್ರದೇಶದ ವಿದ್ಯಾರ್ಥಿನಿಯ ಮೋಹಿನಿ ಜೈನ್ ಪ್ರಕರಣ. 1989ರಲ್ಲಿ ನಮ್ಮ ಸರ್ಕಾರವೇ ಹೊರಡಿಸಿದ್ದ ಆದೇಶದ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಹೀಗೆ ಸೀಟು ಮಾರುವುದು ಸಂವಿಧಾನಬಾಹಿರ, ಶಿಕ್ಷಣ ಬದುಕುವ ಹಕ್ಕಿನ ಭಾಗ ಎಂದು ತೀರ್ಪಾಯಿತು.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದವರು ಕಡಿಮೆ. ಒಂದು ಕೂಲಿಯ ಒಳಗೆ ಓದಿನ ಖರ್ಚನ್ನು ಸೇರಿಸಿತು, ಇನ್ನೊಂದು ಓದಿನ ಬೆಲೆಗೆ ಮೂಗುದಾರ ಹಾಕಿತು. ಎರಡೂ ಜೊತೆಯಲ್ಲಿ ನಡೆದಿದ್ದರೆ ಬೀದರ್ ಜಿಲ್ಲೆಯ ಕಥೆಯೇ ಬೇರೆಯಾಗುತ್ತಿತ್ತು. ನಡೆಯಲಿಲ್ಲ. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು ಶಿಕ್ಷಣದ ಹಕ್ಕನ್ನು 14 ವರ್ಷದವರೆಗೆ ಸೀಮಿತಗೊಳಿಸಿತು. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ ಅನುದಾನರಹಿತ ಕಾಲೇಜುಗಳಿಗೆ ತಮ್ಮ ಶುಲ್ಕ ತಾವೇ ನಿಗದಿಪಡಿಸುವ ಸ್ವಾತಂತ್ರ್ಯ ಕೊಟ್ಟಿತು. ಲಾಭಕೋರತನ ಸಲ್ಲದು ಎಂಬ ಷರತ್ತೇನೋ ಇದೆ, ಇದ್ದಲ್ಲಿಯೇ ಇದೆ. ಕೂಲಿಯ ಕಡೆಯ ಕಥೆ ಇನ್ನೂ ನಿಧಾನ. ರಾಪ್ತಕೋಸ್ ಸೂತ್ರದಂತೆ ವೇತನ ನಿಗದಿಪಡಿಸಿ ಎಂದು ಕೇಳಲು ಕಾರ್ಮಿಕ ಸಂಘಟನೆಯಾದ ಎಐಟಿಯುಸಿ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2025ರ ಕರಡು ಬಂದದ್ದು ಅದರ ನಂತರ, ಅಂದರೆ ತೀರ್ಪು ಬಂದು ಮೂವತ್ತಮೂರು ವರ್ಷಕ್ಕೆ. ಬಂದ ಕೂಡಲೇ ಉದ್ಯಮಿಗಳ ಸಂಘಗಳು ಆಕ್ಷೇಪದ ಪತ್ರ ಹಿಡಿದು ಸಾಲು ನಿಂತವು. ಫೀಸು ಏರಿದಾಗ ಆಕ್ಷೇಪ ಸಲ್ಲಿಸಲು ಔರಾದಿನ ತಾಂಡಾದವರಿಗೆ ಅಂಥದೊಂದು ಕಿಟಕಿಯೇ ಇಲ್ಲ.

ಇನ್ನು ಆ ಶೇ 25ರ ಲೆಕ್ಕವನ್ನೇ ಪರೀಕ್ಷಿಸೋಣ. ದಿನಗೂಲಿ 370 ಎಂದೇ ಹಿಡಿದು, ವರ್ಷಕ್ಕೆ 300 ದಿನ ಕೆಲಸ ಸಿಕ್ಕಿತು ಎಂದು ಧಾರಾಳವಾಗಿ ಊಹಿಸಿದರೂ ಕಾಲು ಭಾಗ 27,750 ರೂಪಾಯಿ. ಓದು, ಆಸ್ಪತ್ರೆ, ಹಬ್ಬ, ಮದುವೆ, ಮುಪ್ಪು ಎಲ್ಲವೂ ಇದರಲ್ಲೇ ಆಗಬೇಕು. ಅಂದರೆ ರಾಪ್ತಕೋಸ್ ಸೂತ್ರವೂ ಇವತ್ತಿಗೆ ಸಾಲದು. ಆ ತೀರ್ಪು ಬಂದಾಗ ಕಾರ್ಮಿಕನ ಮಗು ಸರ್ಕಾರಿ ಶಾಲೆ, ಹೆಚ್ಚೆಂದರೆ ಸರ್ಕಾರಿ ಕಾಲೇಜು ಎಂಬ ಕಲ್ಪನೆ ಇತ್ತು. ಈಗ ಡಿಪ್ಲೊಮಾ, ನರ್ಸಿಂಗ್, ಬಿ.ಇ. ಬಹುಪಾಲು ಖಾಸಗಿ ಕೈಯಲ್ಲಿವೆ. ನೀಟ್ ಬರೆಯಬೇಕೆಂದರೆ ಪಿಯುಸಿ ಜೊತೆಗೆ ಕೋಚಿಂಗೂ ಬೇಕು. ಬೀದರಿನಲ್ಲಿ 1989ರಲ್ಲಿ ಬೆರಳೆಣಿಕೆಯ ಮಕ್ಕಳಿಂದ ಶುರುವಾದ ಶಾಹೀನ್ ಸಂಸ್ಥೆಗೆ ಇವತ್ತು ದೇಶದ ಮೂಲೆಮೂಲೆಯಿಂದ ನೀಟ್‌ಗಾಗಿ ವಿದ್ಯಾರ್ಥಿಗಳು ಬರುತ್ತಾರೆ, ಔರಾದ್ ಗಡಿಯ ಮಕ್ಕಳು ಕೋಚಿಂಗಿಗೆ ಮಹಾರಾಷ್ಟ್ರದ ಲಾತೂರಿಗೂ ಹೋಗುತ್ತಾರೆ. ಓದಿನ ಹಸಿವು ಈ ಜಿಲ್ಲೆಗೆ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಹಾಗೆ ನೋಡಿದರೆ ಬೀದರಿಗೆ ಬೇರೊಂದು ಪರಂಪರೆಯೇ ಇತ್ತು. ಮಹಮೂದ್ ಗವಾನ್ 1472ರಲ್ಲಿ ಕಟ್ಟಿ ಮುಗಿಸಿದ ಮದರಸಾದಲ್ಲಿ ವಿದ್ಯಾರ್ಥಿಗೆ ಪಾಠ, ಊಟ, ವಸತಿ ಎಲ್ಲವೂ ಸಂಸ್ಥೆಯ ಖರ್ಚು. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ನಾಡಿಗೇ ಗೊತ್ತು. ಆ ಕಥೆಯನ್ನು ಪ್ರತಿ ನವೆಂಬರಿನಲ್ಲಿ ಕನ್ನಡಾಭಿಮಾನದ ಕಥೆಯಾಗಿ ಹೇಳುತ್ತೇವೆ. ಆದರೆ ಅದರಲ್ಲಿ ಹಣಕಾಸಿನ ಪಾಠವೂ ಒಂದಿದೆ: ಅಲ್ಲಿ ಓದಿದ ಮಕ್ಕಳು ಫೀಸು ಕೊಟ್ಟವರಲ್ಲ, ಮಠದಲ್ಲಿ ಉಂಡು ಓದಿದವರು. ಭಕ್ತರು ಕೊಟ್ಟ ಜೋಳದ ಚೀಲವೇ ಆ ಶಾಲೆಯ ಬಜೆಟ್ಟು. ಕಮಲನಗರದಲ್ಲಿ ಪಟ್ಟದ್ದೇವರು ಬೆಳೆಸಿದ ಶಾಲೆಯ ಹೆಸರು ಶಾಂತಿವರ್ಧಕ. ಇಂದು ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜು ನಡೆಸುವ ಸಂಸ್ಥೆಯ ಹೆಸರೂ ಶಾಂತಿವರ್ಧಕವೇ. ಕಾಲೇಜು ಅನುದಾನರಹಿತ, ಆದ್ದರಿಂದ ಫೀಸಿನ ಮೇಲೆಯೇ ನಡೆಯಬೇಕು. ಇದರಲ್ಲಿ ಸಂಸ್ಥೆಯನ್ನು ದೂರಿ ಫಲವಿಲ್ಲ. ಅನುದಾನ ಕೊಡುವ ಕೈಯನ್ನು ಸರ್ಕಾರ ಹಿಂತೆಗೆದುಕೊಂಡ ಮೇಲೆ ಸಂಸ್ಥೆಯವರು ವಿದ್ಯಾರ್ಥಿಯ ಅಪ್ಪನ ಜೇಬಿನ ಕಡೆಗೆ ನೋಡಿದರು, ಅಷ್ಟೇ. ಆ ಜೇಬು ತುಂಬುವ ಹೊಣೆ ಮಾತ್ರ ಯಾರೂ ಹೊರಲಿಲ್ಲ.

ವಿದ್ಯಾರ್ಥಿವೇತನ ಇದೆಯಲ್ಲ ಎನ್ನುತ್ತಾರೆ. ಇದೆ. ರೈತ ವಿದ್ಯಾನಿಧಿ 2021ರಲ್ಲಿ ಬಂತು, ಮರುವರ್ಷ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತಾರವಾಯಿತು. ಬಿ.ಇ. ಓದುವ ಹುಡುಗನಿಗೆ 10,000, ಹುಡುಗಿಗೆ 11,000. 80 ಸಾವಿರದ ಮುಂದೆ ಅದೆಷ್ಟು ಎಂದು ವಿವರಿಸಬೇಕಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿ ಮಕ್ಕಳ ಓದಿಗೆ ಮೊದಲು ಚೆನ್ನಾಗಿಯೇ ಸಹಾಯ ಕೊಡುತ್ತಿತ್ತು. 2023ರಲ್ಲಿ ಆ ಮೊತ್ತವನ್ನು ಒಮ್ಮೆಲೇ ಇಳಿಸಿದರು, ಕಾರ್ಮಿಕರು ಮತ್ತೆ ಕೋರ್ಟಿಗೆ ಹೋದರು. ಆ ಮಂಡಳಿಯ ದುಡ್ಡು ಬೊಕ್ಕಸದ್ದಲ್ಲ, ಕಟ್ಟಡಗಳ ಮೇಲಿನ ಸೆಸ್ಸಿನದು, ಅಂದರೆ ಕಾರ್ಮಿಕನ ಹೆಸರಿನಲ್ಲೇ ಸಂಗ್ರಹವಾದದ್ದು ಎಂಬುದನ್ನು ಮರೆಯಬಾರದು. ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕ ಮನ್ನಾ ಮಾಡುವ ಎಸ್‌ಎನ್‌ಕ್ಯೂ ಸೀಟುಗಳು ಶೇ 5. 2012ರ ತಿದ್ದುಪಡಿಯಿಂದ ಬಂದ ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ಸೀಟಿನಲ್ಲಿ ಮೀಸಲಾತಿ ಕೊಟ್ಟಿತು, ಅದರ ಫಲ ದೊಡ್ಡದು. ಆದರೆ ಸೀಟು ಕೊಡುವ ಆ ವಿಧಿ ಫೀಸಿನ ಬಗ್ಗೆ ಮೌನ. ಸರ್ಕಾರಿ ಕಚೇರಿಯಲ್ಲಿ ಸಾಲು ನಿಂತು ಅರ್ಹತಾ ಪ್ರಮಾಣಪತ್ರ ಪಡೆದ ಹುಡುಗ, ದಾಖಲಾತಿಯ ದಿನ ಅಪ್ಪನ ಮುಖ ನೋಡುತ್ತಾನೆ.

ಔರಾದಿನಿಂದ ಎರಡು ರಾಜ್ಯಗಳ ಗಡಿ ಹತ್ತಿರ. ಎರಡೂ ಕಡೆಯವರು ಬೇರೆ ದಾರಿ ಹಿಡಿದಿದ್ದಾರೆ. ಮಹಾರಾಷ್ಟ್ರ 2024ರಿಂದ ಎಂಟು ಲಕ್ಷದೊಳಗಿನ ಆದಾಯದ ಮನೆಯ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮನ್ನಾ ಮಾಡಿದೆ. ತೆಲಂಗಾಣದಲ್ಲಿ ಅವಿಭಜಿತ ಆಂಧ್ರದ ಕಾಲದಿಂದ ಶುಲ್ಕ ಮರುಪಾವತಿ ಇದೆ. ಕೇಳಲು ಇಂಪು. ಆದರೆ ಮರುಪಾವತಿಯ ಬಾಕಿ ಬೆಟ್ಟದಷ್ಟು ಬೆಳೆದು 2025ರ ನವೆಂಬರಿನಲ್ಲಿ ಅಲ್ಲಿನ ಖಾಸಗಿ ಕಾಲೇಜುಗಳು ಬಾಗಿಲು ಮುಚ್ಚಿ ಮುಷ್ಕರ ಹೂಡಿದವು. ಸರ್ಕಾರದ ಕೃಪೆ ಬೊಕ್ಕಸದ ಏರಿಳಿತಕ್ಕೆ ತಕ್ಕಂತೆ ಬರುತ್ತದೆ, ನಿಲ್ಲುತ್ತದೆ. ವಾರದ ಬಟವಾಡೆಯಲ್ಲಿ ಕೈಗೆ ಬಂದ ಪಗಾರವನ್ನು ಯಾವ ಪೋರ್ಟಲ್ಲೂ ತಡೆಹಿಡಿಯಲಾರದು. ಹೆಚ್ಚಿನ ಕನಿಷ್ಠ ವೇತನದ ಪರ ನನ್ನ ಮುಖ್ಯ ವಾದ ಇಷ್ಟೇ.

ವಿರುದ್ಧದ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಎರಡು ಎಕರೆ ಸೋಯಾ ಬಿತ್ತಿದ ಔರಾದಿನ ರೈತ ರಾಶಿಯ ಹೊತ್ತಿಗೆ ಕೂಲಿ ಕೊಡುವವನು, ಉಳಿದ ದಿನ ತಾನೇ ಕೂಲಿಗೆ ಹೋಗುವವನು. ಸೋಯಾ ದರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದ ವರ್ಷ ಅವನಿಗೆ ಹೆಚ್ಚಿನ ಕೂಲಿಯ ಆದೇಶ ತೋರಿಸಿದರೆ ನಗುತ್ತಾನೆ, ಇಲ್ಲವೇ ಹಾರ್ವೆಸ್ಟರ್ ಕರೆಸುತ್ತಾನೆ. ಬೀದರಿನ ಬಿದ್ರಿ ಕುಶಲಕರ್ಮಿಗಳದ್ದೂ ಅಂಥದೇ ಇಕ್ಕಟ್ಟು. ಒಬ್ಬ ಕಲಾವಿದರಿಗೆ 2023ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಆದರೆ ಬೆಳ್ಳಿ ತಂತಿ ಕೂರಿಸುವ ಕೆಲಸದ ಲೆಕ್ಕ ದಿನದ ಮೇಲಲ್ಲ, ನಗದ ಮೇಲೆ. ಬೆಳ್ಳಿಯ ಬೆಲೆ ಏರಿದಷ್ಟೂ ಕೈಯ ಬೆಲೆ ಇಳಿಯುತ್ತದೆ. ಇಲ್ಲೆಲ್ಲ ವೇತನದ ಕಾನೂನು ಒಂಟಿಯಾಗಿ ಕೆಲಸ ಮಾಡದು, ಬೆಳೆಗೆ ದರ, ಕಸುಬಿಗೆ ಮಾರುಕಟ್ಟೆ ಬೇಕು. ಆದರೆ ಸಣ್ಣ ರೈತನ ಹೆಗಲ ಮೇಲೆ ಬಂದೂಕು ಇಟ್ಟು ಗುಂಡು ಹಾರಿಸುತ್ತಿರುವವರು ಬೇರೆಯವರು: ರಸ್ತೆ ಗುತ್ತಿಗೆದಾರರು, ಕಾರ್ಖಾನೆಗಳು, ಹೊರಗುತ್ತಿಗೆ ಏಜೆನ್ಸಿಗಳು. ಅವರಿಗೆ ಕೊಡುವ ತಾಕತ್ತಿದೆ.

ಸರ್ಕಾರಕ್ಕೂ ಇದೆ, ಕೊಡದವರ ಪಟ್ಟಿಯಲ್ಲಿ ಮೊದಲ ಹೆಸರೂ ಅದರದೇ. ಉದ್ಯೋಗ ಖಾತ್ರಿಯ ಕೂಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟೇ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಆದರೂ ಪ್ರತಿ ವರ್ಷದ ದರಪಟ್ಟಿ ದೆಹಲಿಯಿಂದ ತನ್ನದೇ ಲೆಕ್ಕದಲ್ಲಿ ಬರುತ್ತಿತ್ತು. ಕಾಲೇಜಿನೊಳಗೇ ನೋಡಿ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರವರೆಗೆ ತಿಂಗಳಿಗೆ 11ರಿಂದ 13 ಸಾವಿರ ಸಿಗುತ್ತಿತ್ತು. ಹೋರಾಟದ ಮೇಲೆ ಏರಿತು, 2023ರ ಕೊನೆಗೆ ಮತ್ತೆ ಮುಷ್ಕರ, ಮತ್ತೆ ಒಂದಿಷ್ಟು ಏರಿಕೆ. ಎಂ.ಎ. ಮಾಡಿ, ಪಿಎಚ್.ಡಿ. ಮುಗಿಸಿ, ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದ ಮೇಷ್ಟರ ಮುಂದೆ ಕೂತ ಕೂಲಿಕಾರನ ಮಗಳಿಗೆ ಓದಿನ ಮೇಲೆ ಹೂಡಿದ ದುಡ್ಡು ಏನಾಗುತ್ತದೆ ಎಂಬುದು ಪಠ್ಯದಲ್ಲಿಲ್ಲದಿದ್ದರೂ ಕಣ್ಣೆದುರಿಗೇ ಇದೆ. ಶುಲ್ಕ ಏರಿಕೆಗೆ ಸಿಬ್ಬಂದಿಯ ವೇತನ ಕಾರಣ ಎಂದು ಖಾಸಗಿ ಆಡಳಿತ ಮಂಡಳಿಗಳು ಪ್ರತಿ ವರ್ಷ ವಾದಿಸುತ್ತವೆ. ಹಾಗಿದ್ದರೆ ಏರಿದ ಫೀಸಿನಲ್ಲಿ ಬೋಧಕರ ಪಾಲೆಷ್ಟು ಎಂದು ಪ್ರಕಟಿಸುವುದನ್ನು ಶುಲ್ಕ ಒಪ್ಪಂದದ ಷರತ್ತಾಗಿಸಲಿ.

ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ, 1948ರ ಕಾಯ್ದೆ ಹೋಗಿದೆ. ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರವಲ್ಲ, ಎಲ್ಲ ನೌಕರರಿಗೂ ಕನಿಷ್ಠ ವೇತನ ಎಂಬುದು ಅದರ ಒಳ್ಳೆಯ ಗುಣ. ಭೌಗೋಳಿಕ ಪ್ರದೇಶವನ್ನು ಗಣನೆಗೆ ತೆಗೆದುಕೊಳ್ಳಲು ಅದೂ ಅವಕಾಶ ಬಿಟ್ಟಿದೆ, ಆದ್ದರಿಂದ ವಲಯಗಳ ಆಟ ಮುಗಿದಿಲ್ಲ. ವಲಯ ಇರಲೇಬೇಕಾದರೆ ಮನೆ ಬಾಡಿಗೆಯ ಪಾಲಿಗೆ ಇರಲಿ. ಶಿಕ್ಷಣದ ಪಾಲನ್ನು ಆ ಕಾಲು ಭಾಗದ ಗಂಟಿನಿಂದ ಬಿಚ್ಚಿ ಬೇರೆಯಾಗಿ ಲೆಕ್ಕ ಹಾಕಬೇಕು, ಸರ್ಕಾರಿ ಕೋಟಾದ ಕಾಲೇಜು ಶುಲ್ಕಕ್ಕೆ ಜೋಡಿಸಬೇಕು, ಇಡೀ ರಾಜ್ಯಕ್ಕೆ ಒಂದೇ ಮೊತ್ತ ಮಾಡಬೇಕು. ಫೀಸು ಶೇ 7.5 ಏರಿದ ದಿನ ಕೂಲಿಯ ಆ ಪಾಲೂ ಶೇ 7.5 ಏರಬೇಕು. ಆಗ ಶುಲ್ಕ ಏರಿಸುವ ಮೇಜಿನ ಸುತ್ತ ಕೂಲಿ ಕೊಡುವವರೂ ಬಂದು ಕೂತು ಬೇಡ ಎನ್ನುತ್ತಾರೆ. ಇವತ್ತು ಅಲ್ಲಿ ಬೇಡ ಎನ್ನುವವರು ಯಾರೂ ಇಲ್ಲ. ಬೀದರ್, ಭಾಲ್ಕಿ, ಔರಾದಿನ ಶಾಸಕರು 371(ಜೆ) ಬಗ್ಗೆ ಸದನದಲ್ಲಿ ಮಾತನಾಡುವಾಗಲೆಲ್ಲ ಈ ಒಂದು ಪ್ರಶ್ನೆಯನ್ನೂ ಕಾರ್ಮಿಕ ಸಚಿವರಿಗೆ ಕೇಳಲಿ: ಬೆಂಗಳೂರಿನ ಫೀಸು ಕಟ್ಟುವ ಔರಾದಿನ ಕೂಲಿಕಾರನಿಗೆ ಬೆಂಗಳೂರಿನ ಪಗಾರ ಏಕಿಲ್ಲ?